ಸೀತಾಳೆ ಮರ ಹತ್ತಿ ಕೂತದ್ದು

ಭೂಮಿ ಆಗಿನ್ನೂ ಎಳಸು. ಬೆಟ್ಟಗಳ ಮೈಬಿಸಿ ಆರಿರಲಿಲ್ಲ, ನದಿಗಳಿಗೆ ಸರಿಯಾಗಿ ದಾರಿ ಗೊತ್ತಿರಲಿಲ್ಲ. ಆ ಕಾಲದಲ್ಲಿ ಸೀತಾಳೆ ಗಿಡ ನೆಲದಲ್ಲೇ ಬೆಳೆಯುತ್ತಿದ್ದಳು, ಕೇತಜ್ಜಿಯ ಗುಡಿಸಲ ಪಕ್ಕದಲ್ಲೇ.

ಕೇತಜ್ಜಿ ಕಾಡಿಗೆಲ್ಲ ಮದ್ದು ಕೊಡುವವಳು. ಕಾಲು ಉಳುಕಿದ ಜಿಂಕೆ ಬರಲಿ, ಮಂಡಿ ಊದಿದ ಮುದುಕ ಬರಲಿ, ಅಜ್ಜಿ ಸೀತಾಳೆಯನ್ನು ದಾಟಿಕೊಂಡು ಹೋಗಿ ಲಕ್ಕಿ ಗಿಡದ ಸೊಪ್ಪು ಕೊಯ್ಯುತ್ತಿದ್ದಳು. "ನನ್ನ ಬಂಗಾರ" ಎಂದು ಲಕ್ಕಿಯ ನೆತ್ತಿ ಸವರುತ್ತಿದ್ದಳು.

ಸೀತಾಳೆಗೆ ಮೈಯೆಲ್ಲ ಉರಿ. ನನ್ನ ಎಲೆಯಲ್ಲೂ ಮದ್ದಿದೆ, ನನ್ನನ್ನು ಯಾರು ಕೇಳುತ್ತಾರೆ?

"ಅಕ್ಕಾ, ನಿನ್ನ ಹೂವು ಎಷ್ಟು ಚೆಂದ!" ಎಂದಳು ಒಂದು ದಿನ ಲಕ್ಕಿ, ಪಾಪ.

"ಆಡಿಕೊಳ್ಳುತ್ತೀಯಾ ನನ್ನನ್ನ?" ಸೀತಾಳೆ ಮುಖ ತಿರುಗಿಸಿದಳು. ಆಮೇಲೆ ಗಾಳಿಯನ್ನು ಕರೆದಳು. "ಗಾಳಿಯಣ್ಣ, ನನ್ನನ್ನು ಎತ್ತಿ ಮರದ ಮೇಲೆ ಕೂರಿಸು. ಅಜ್ಜಿ ತಲೆಯೆತ್ತಿ ನನ್ನನ್ನೇ ನೋಡಬೇಕು."

"ಅಲ್ಲಿ ಮಣ್ಣಿಲ್ಲ ತಾಯಿ."

"ಲಕ್ಕಿಯೂ ಇಲ್ಲವಲ್ಲ!"

ಗಾಳಿ ಅವಳನ್ನು ಬುಡಸಮೇತ ಕಿತ್ತು ಗುಡಿಸಲ ಮುಂದಿನ ಮತ್ತಿಮರದ ಕವಲಿನಲ್ಲಿ ಕೂರಿಸಿತು.

"ಕೂರು. ಆದರೆ ನನ್ನ ರಸಕ್ಕೆ ಬಾಯಿ ಹಾಕಬೇಡ" ಎಂದಿತು ಮತ್ತಿಮರ.

ಸೀತಾಳೆ ಬೇರುಗಳನ್ನು ಗಾಳಿಗೆ ಇಳಿಬಿಟ್ಟು ಮಂಜು ಕುಡಿದಳು, ಇಬ್ಬನಿ ಕುಡಿದಳು. ನೀರು ಉಳಿಸಿ ಉಳಿಸಿ ಎಲೆ ದಪ್ಪಗಾಯಿತು. ಆದರೆ ಅಜ್ಜಿಯದು ಬಾಗಿದ ಬೆನ್ನು. ಒಮ್ಮೆಯೂ ಮೇಲೆ ನೋಡಲಿಲ್ಲ. ಅವಳು ಲಕ್ಕಿಯನ್ನು ಸವರುವುದು ಮಾತ್ರ ಮೇಲಿನಿಂದ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಆ ಬೇಸಿಗೆಯಲ್ಲಿ ಕಾಡ್ಗಿಚ್ಚು ಬಂತು. ಅಜ್ಜಿ ಕೊಡ ಕೊಡ ನೀರು ಹೊತ್ತು ಹೊಯ್ದಳು. ಗುಡಿಸಲು ಉಳಿಯಿತು, ಮತ್ತಿಮರದ ಕವಲಿನವರೆಗೆ ಬೆಂಕಿ ಏರಲಿಲ್ಲ; ಆದರೆ ಲಕ್ಕಿ ಬುಡದವರೆಗೆ ಸುಟ್ಟುಹೋದಳು.

ಸೀತಾಳೆಗೆ ಮೊದಲು ಅನಿಸಿದ್ದು ಇಷ್ಟೇ: ಇನ್ನು ಅಜ್ಜಿ ನನ್ನವಳು.

ನೀರು ಹೊತ್ತ ಅಜ್ಜಿಯ ಮಂಡಿಗಳು ಊದಿಕೊಂಡಿದ್ದವು. ತೆವಳಿಕೊಂಡು ಬಂದು ಕರಕಲು ಬುಡವನ್ನು ತಬ್ಬಿಕೊಂಡಳು. "ನಿನಗೊಂದು ಚೊಂಬು ನೀರು ಹಾಕೋಣವೆಂದರೆ ಏಳಲಾರೆನಲ್ಲೇ ಮಗಳೇ!"

ಸುಟ್ಟ ಬುಡಕ್ಕೂ ಇಷ್ಟು ಅಕ್ಕರೆಯೇ! ಸೀತಾಳೆ ಒಳಗೊಳಗೇ ಕುದಿದಳು. ಮರುದಿನವೂ ಅಜ್ಜಿ ಏಳಲಿಲ್ಲ. ಕಾಲು ಸುಟ್ಟುಕೊಂಡ ಮೊಲವೊಂದು ಬಂತು, ಬಾಗಿಲಲ್ಲಿ ಕಾದು ಕಾದು ಕುಂಟುತ್ತಾ ಹೋಯಿತು. ಸೀತಾಳೆಗೆ ತಡೆಯಲಾಗಲಿಲ್ಲ.

"ಅಜ್ಜೀ, ಮೇಲೆ ನೋಡು! ನನ್ನ ಎಲೆ ಅರೆದು ಬಿಸಿಮಾಡಿ ಮಂಡಿಗೆ ಕಟ್ಟಿಕೋ."

ಅಜ್ಜಿ ಕಷ್ಟಪಟ್ಟು ತಲೆಯೆತ್ತಿದಳು. "ಸೀತಾಳೆ! ನಿನ್ನಲ್ಲಿ ಮದ್ದಿದೆಯೇ? ಯಾಕೆ ಹೇಳಲಿಲ್ಲ ಮಗಳೇ?"

"ನೀನು ಕೇಳಲಿಲ್ಲ."

ಗಾಳಿ ಎಲೆ ಉದುರಿಸಿತು. ಅಜ್ಜಿ ಅರೆದು ಕಟ್ಟಿಕೊಂಡಳು. ಮೂರನೆಯ ದಿನ ಎದ್ದು ನಿಂತಳು. ಎದ್ದವಳು ಮೊದಲು ಮಾಡಿದ ಕೆಲಸ ಏನು? ಚೊಂಬು ತುಂಬಿಸಿ ಲಕ್ಕಿಯ ಬುಡಕ್ಕೆ ಹೊಯ್ದದ್ದು. ಸೀತಾಳೆ ಅದನ್ನೂ ನುಂಗಿಕೊಂಡಳು.

ಲಕ್ಕಿ ಚಿಗುರಿದಳು. ಅಂದಿನಿಂದ ಅಜ್ಜಿ ಮಂಡಿನೋವಿಗೆ ಲಕ್ಕಿ ಸೊಪ್ಪಿನ ಶಾಖ ಕೊಟ್ಟು, ಸೀತಾಳೆ ಎಲೆ ಅರೆದು ಕಟ್ಟುತ್ತಿದ್ದಳು. ಇಬ್ಬರನ್ನೂ "ಬಂಗಾರ" ಎನ್ನುತ್ತಿದ್ದಳು.

"ಕೆಳಗಿಳಿಸಲಾ?" ಕೇಳಿತು ಗಾಳಿ.

"ಬೇಡ. ಇಲ್ಲಿಂದಲೇ ಎಲ್ಲ ಕಾಣುತ್ತದೆ" ಎಂದಳು ಸೀತಾಳೆ.

ಹೊಟ್ಟೆಕಿಚ್ಚು ಅಷ್ಟು ಸುಲಭವಾಗಿ ಆರುತ್ತದೆಯೇ, ಮರಿ? ಅದಕ್ಕೇ ನೋಡು, ಬೇರೆ ಹೂಗಳು ಆಕಾಶ ನೋಡುತ್ತಾ ಅರಳಿದರೆ, ಸೀತಾಳೆ ಹೂಗೊಂಚಲು ಇವತ್ತಿಗೂ ಕೊಂಬೆಯಿಂದ ಕೆಳಗೆ ಜೋತುಬಿದ್ದು, ಅಜ್ಜಿ ಯಾರ ಎಲೆ ಮೊದಲು ಕೊಯ್ಯುತ್ತಾಳೆಂದು ಬಗ್ಗಿ ಬಗ್ಗಿ ನೋಡುತ್ತಿರುತ್ತದೆ.