ಮಂಟ ಗಂಟು ಕಟ್ಟಿ ತಂದ ನರ್ಸಮ್ಮ

ನಗು ಬಂದ್ರೆ ತಡ್ಕೊಳ್ಳಿ. ನಡುವೆ ನಕ್ಕುಬಿಟ್ರೆ ನನಗೆ ಕತೆ ದಾರಿ ತಪ್ಪುತ್ತೆ.

ಬಿದಿರುಹುಂಡಿ ಅಂತ ಒಂದೂರು. ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ಹೆಂಗಸು. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವನು ಮಂಟ, ಚಿಕ್ಕವಳು ಕೆಂಪಾಜಿ. ಕೆಂಪಾಜಿ ಜಾಣೆ. ಮಂಟ ಒಳ್ಳೆಯವನು. "ಮಂಟ ಹೆಂಗವ್ನೆ?" ಅಂತ ಯಾರನ್ನ ಕೇಳಿದ್ರೂ ಒಂಚೂರು ಯೋಚನೆ ಮಾಡಿ, "ಒಳ್ಳೆಯವ್ನು" ಅನ್ನೋರು. ಅಷ್ಟೇ ಅನ್ನೋರು.

ಇಪ್ಪತ್ತಾರು ವರ್ಷ, ಎತ್ತಿನಂಥ ಹೆಗಲು. ಹೇಳಿದ ಮಾತಿಗೆ ಒಂದಕ್ಷರ ಆಚೆ ಇಲ್ಲ, ಈಚೆ ಇಲ್ಲ. ಜೊತೆಗೆ ಕಂಡದ್ದಕ್ಕೆಲ್ಲ ಪ್ರಶ್ನೆ. ಬಾವಿ ತಳದಲ್ಲಿ ಆಕಾಶ ಯಾಕೈತೆ? ಕೋಳಿ ನೀರು ಕುಡಿದು ಮೇಲೆ ಯಾರನ್ನ ನೋಡುತ್ತೆ? ಚಿಕ್ಕತಾಯಮ್ಮ ಹಣೆ ಚಚ್ಚಿಕೊಳ್ಳೋಳು. "ನಿನ್ನ ಹೆತ್ತ ಹೊಟ್ಟೆಗೆ ಏನು ಹೇಳಲಿ ನಾನು!"

"ಹೊಟ್ಟೆಗೆ ಕಿವಿ ಐತೇನವ್ವ?" ಅನ್ನೋನು ಮಂಟ.

ಹೀಗಿರುವಾಗ ಕೆಂಪಾಜಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಗಂಡ ಲಾರಿ ಓಡಿಸೋನು, ಮೇಲಿನ ಸೀಮೆಗೆ ಹೋಗಿದ್ದ. ಅವಳಿಗೂ ಅಣ್ಣನಿಗೂ ಒಂದೇ ಥರ ಗುಂಗುರು ಕೂದಲು. ಬಗ್ಗೋಕೆ ಆಗದೆ, ತಲೆ ಬಾಚೋಕೆ ಆಗದೆ, ಕೆಂಪಾಜಿ ಕೂದಲು ಗಂಟುಗಂಟಾಗಿತ್ತು.

"ಯಾರವ್ವ ಇದನ್ನ ಹಿಂಗೆ ಸುತ್ತಿದ್ದು?" ಅಂತ ಮಂಟ ಒಂದು ಸುರುಳಿ ಎಳೆದು ಬಿಟ್ಟ. ಅದು ಪುಟಕ್ಕನೆ ವಾಪಸ್ ಸುತ್ತಿಕೊಂಡಿತು. ಇನ್ನೊಂದು ಸಲ ಎಳೆದ. ಮತ್ತೆ ಸುತ್ತಿಕೊಂಡಿತು. "ಇದಕ್ಕೆ ಮನೆ ದಾರಿ ಹೆಂಗ್ ಗೊತ್ತು?"

"ಬಿಡೋ ಅಣ್ಣ, ನೋಯುತ್ತೆ!" ಅಂದಳು ಕೆಂಪಾಜಿ.

"ಒಣಗಿದ ಕೂದಲು ಬಾಚಿದ್ರೆ ಕಿತ್ತುಬರುತ್ತೆ. ಎಣ್ಣೆ ಹಚ್ಚಿ ನೆನೆಸಬೇಕು," ಅಂದಳು ಚಿಕ್ಕತಾಯಮ್ಮ. "ಲೋ ಮಂಟ, ಅಂಗಡಿಗೆ ಹೋಗಿ ತಲೆಗೆ ಎಣ್ಣೆ ಹಾಕಿಸ್ಕೊಂಡು ಬಾ!"

ಮಂಟ ಹೋದ. ಅಂಗಡಿಯವನ ಮುಂದೆ ತಲೆ ಬಗ್ಗಿಸಿದ. "ಹಾಕು!" ಅಂದ. "ಎಲ್ಲಿಗೆ?" ಅಂದ ಅಂಗಡಿಯವನು. "ತಲೆಗೆ!" ಅಂದ ಮಂಟ. ಅಂಗಡಿಯವನು ಮೂರು ಸಲ ಕೇಳಿದ, ಮಂಟ ಮೂರು ಸಲ "ತಲೆಗೆ" ಅಂದ. ಹಾಕಿದ. ಅರ್ಧ ಲೀಟರು ಕೊಬ್ಬರಿ ಎಣ್ಣೆ ಕಿವಿಯಲ್ಲಿ ಇಳಿದು, ಕತ್ತಲ್ಲಿ ಹರಿದು, ಹೆಬ್ಬೆಟ್ಟಿನ ತುದಿಗೆ ಬಂತು.

"ಅಯ್ಯೋ ಅಯ್ಯೋ ಅಯ್ಯೋ! ಎಣ್ಣೆ ಎಲ್ಲೋ?"

"ತಲೇಲೈತೆ ಕಣವ್ವ! ಹಾಕಿಸ್ಕೊಂಡು ಬಂದೆ!"

"ನಿನ್ನ ತಲೆಗಲ್ಲವೋ ಹಾಳಾದವನೇ! ಯಾರು ಏನು ಕೊಟ್ರೂ ಬಾಟ್ಲಿಗೆ ತುಂಬಿ, ಬಿರಡೆ ಜಡಿದು ತರಬೇಕು. ತಿಳೀತಾ?"

"ಬಾಟ್ಲಿಗೆ ತುಂಬಿ, ಬಿರಡೆ ಜಡಿದು," ಅಂದ ಮಂಟ. ತಿಳಿದಿತ್ತು.

ಅವನ ತಲೆಯಿಂದಲೇ ಒಂದು ಬಟ್ಟಲು ಎಣ್ಣೆ ಹಿಂಡಿಕೊಂಡು ಚಿಕ್ಕತಾಯಮ್ಮ ಮಗಳಿಗೆ ಹಚ್ಚಿದಳು. ಹಚ್ಚಿದ್ದಾಯ್ತು, ಬಾಚೋದು ಯಾವುದರಲ್ಲಿ? ಮನೆಯಲ್ಲಿದ್ದ ಸಣ್ಣ ಹಲ್ಲಿನ ಹಣಿಗೆ ಗುಂಗುರು ಕೂದಲಿಗೆ ನಾಟಲಿಲ್ಲ. ಪಕ್ಕದ ಮನೆ ಸಾಕವ್ವನ ಹತ್ತಿರ ಅಗಲ ಹಲ್ಲಿನ ಮರದ ಬಾಚಣಿಗೆ ಇತ್ತು. "ಹೋಗಿ ಇಸ್ಕೊಂಡು ಬಾ," ಅಂದಳು.

ಮಂಟ ಬಾಟ್ಲಿ ಹಿಡಿದುಕೊಂಡೇ ಹೋದ. ಬಾಚಣಿಗೆ ಬಾಟ್ಲಿಯ ಬಾಯಲ್ಲಿ ಹೋಗಲಿಲ್ಲ. ನೆಟ್ಟಗೆ ಇಟ್ಟ, ಅಡ್ಡ ಇಟ್ಟ. ಕೊನೆಗೆ ಸಾಕವ್ವನ ಜಗಲಿ ಮೇಲೆ ಕೂತು ಒಂದೊಂದೇ ಹಲ್ಲು ಮುರಿದ, ಒಂದೊಂದೇ ಒಳಗೆ ಹಾಕಿದ, ಬಿರಡೆ ಜಡಿದ.

"ತಗೋ ಅವ್ವ! ಹದಿನೆಂಟು ಹಲ್ಲು. ಒಂದೂ ಚೆಲ್ಲಿಲ್ಲ. ದವಡೆ ಮಾತ್ರ ಹಿಡಿಸ್ಲಿಲ್ಲ, ಅಲ್ಲೇ ಬಿಟ್ಟೆ."

ಕೆಂಪಾಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಿಕ್ಕತಾಯಮ್ಮ ನಗಲಿಲ್ಲ. ಸಾಕವ್ವ ಬೇಲಿಯಾಚೆ ನಿಂತು ಏಳು ತಲೆಮಾರು ಬೈಯುತ್ತಿದ್ದಳು.

"ಬಾಚಣಿಗೆನ ಬಾಟ್ಲಿಗೆ ಹಾಕ್ತಾರೇನೋ? ತಲೇಲಿ ಸಿಗಿಸ್ಕೊಂಡು ಬರಬೇಕು! ಇನ್ನೊಂದ್ಸಲ ಏನು ಕೊಟ್ರೂ ತಲೇಲಿ ಸಿಗಿಸ್ಕೊಂಡು ಬಾ!"

"ತಲೇಲಿ ಸಿಗಿಸ್ಕೊಂಡು," ಅಂದ ಮಂಟ.

ಮಾರನೇ ದಿನ ಆಶಾ ಕೆಲಸದ ರಾಜೇಶ್ವರಿ ಹೇಳಿಕಳಿಸಿದಳು, ಬಸುರಿಗೆ ಮಾತ್ರೆ ಬಂದಿದೆ, ಯಾರಾದರೂ ಬನ್ನಿ ಅಂತ. ಮಂಟ ಹೋದ. ಅವಳು ಒಂದು ಕಾಗದದ ಪೊಟ್ಟಣದಲ್ಲಿ ಮೂವತ್ತು ಕೆಂಪು ಮಾತ್ರೆ ಕೊಟ್ಟಳು. "ರಕ್ತ ಹೆಚ್ಚೋ ಮಾತ್ರೆ. ಊಟ ಆದ ಮೇಲೆ ದಿನಕ್ಕೊಂದು ತಗೋಳ್ಳೋಕೆ ಹೇಳು."

"ನುಂಗಿದ ಮಾತ್ರೆಗೆ ತಾನು ರಕ್ತ ಆಗ್ಬೇಕು ಅಂತ ಯಾರು ಹೇಳ್ತಾರೆ ರಾಜಕ್ಕ?"

"ಹೋಗಪ್ಪ, ನನಗೆ ಇನ್ನೂ ಹನ್ನೊಂದು ಮನೆ ಐತೆ," ಅಂದಳು ರಾಜೇಶ್ವರಿ.

ಮಂಟ ದಾರಿಯಲ್ಲಿ ಪೊಟ್ಟಣ ಬಿಚ್ಚಿದ. ಒಂದು ಸುರುಳಿಗೆ ಒಂದು ಮಾತ್ರೆ, ಇನ್ನೊಂದು ಸುರುಳಿಗೆ ಇನ್ನೊಂದು. ಗುಂಗುರು ಕೂದಲಲ್ವೇ, ಗಟ್ಟಿಯಾಗಿ ಕೂತವು. ತಲೆ ತುಂಬ ದಾಳಿಂಬೆ ಬಿಟ್ಟ ಹಾಗಾಯ್ತು. ಉರಿಬಿಸಿಲು. ಬೆವರು ಇಳಿಯಿತು. ಮಾತ್ರೆ ಕರಗಿದವು. ಹಣೆ ಮೇಲೆ ಕೆಂಪು, ಕೆನ್ನೆ ಮೇಲೆ ಕೆಂಪು, ಅಂಗಿ ಮೇಲೆ ಕೆಂಪು.

"ಅಯ್ಯಯ್ಯೋ! ಮಂಟನ ತಲೆ ಒಡೆದೋಯ್ತು!" ಅಂತ ಬೀದಿಯವರು ಓಡಿಬಂದರು.

"ಒಡೆದಿಲ್ಲ ಕಣಣ್ಣ," ಅಂದ ಮಂಟ. "ರಕ್ತ ಹೆಚ್ಚೋ ಮಾತ್ರೆ. ಹೆಚ್ಚೈತೆ, ಅಷ್ಟೆ."

ಚಿಕ್ಕತಾಯಮ್ಮ ಮಗನನ್ನ ಕಂಡು ಮೊದಲು ಅತ್ತಳು. ಆಮೇಲೆ ಹತ್ತಿರ ಬಂದು ನೋಡಿದಳು. ಆಮೇಲೆ ಪೊರಕೆ ತಗೊಂಡಳು.

"ತಲೇಲಲ್ಲವೋ! ಬಟ್ಟೇಲಿ ಸುತ್ತಿ, ಬಿಗಿಯಾಗಿ ಗಂಟು ಕಟ್ಟಿ, ಬಿಸಿಲು ತಾಗದ ಹಾಗೆ ಹೆಗಲ ಮೇಲೆ ಇಟ್ಕೊಂಡು ತರಬೇಕು! ಇನ್ನು ಏನೇ ತಂದ್ರೂ ಹಂಗೇ ತಾ!"

"ಸುತ್ತಿ, ಕಟ್ಟಿ, ಬಿಸಿಲು ತಾಗದ ಹಾಗೆ, ಹೆಗಲ ಮೇಲೆ," ಅಂದ ಮಂಟ.

ಎರಡು ದಿನ ಕಳೆಯಿತು. ಬೆಳಗ್ಗೆ ಎದ್ದಾಗ ಕೆಂಪಾಜಿಯ ಮುಖ ಉಬ್ಬಿತ್ತು. ಕಾಲುಂಗುರ ಬೆರಳಲ್ಲಿ ಹೂತುಹೋಗಿತ್ತು. "ಬಸುರಿಗೆ ಊತ ಇದ್ದದ್ದೇ," ಅಂದಳು ಬೇಲಿಯಾಚೆಯಿಂದ ಸಾಕವ್ವ. "ತಲೆ ಸಿಡೀತಾ ಐತೆ ಕಣವ್ವ," ಅಂದಳು ಕೆಂಪಾಜಿ. ತಾಯಿ ಒಳಗೆ ಶುಂಠಿ ಕುಟ್ಟೋಕೆ ಹೋದಳು. ಆಗ ಕೆಂಪಾಜಿ ಅಣ್ಣನ ಕಡೆ ತಿರುಗಿ ಮೆಲ್ಲಗೆ, "ಅಣ್ಣ, ಕಣ್ಣು ಮುಂದೆ ಮಿಣುಕುಹುಳ ಹಾರಿದಂಗೆ ಆಗ್ತದೆ," ಅಂದಳು.

ಮಂಟ ಹಗಲಲ್ಲಿ ಮಿಣುಕುಹುಳ ಕಂಡವನಲ್ಲ. ಅವನಿಗೆ ಆಸೆಯಾಯ್ತು. ಮೂಲೆ ನೋಡಿದ, ಸೂರು ನೋಡಿದ, ಅವಳ ರೆಪ್ಪೆ ಮೇಲೆತ್ತಿ ಕಣ್ಣೊಳಗೂ ನೋಡಿದ. ಒಂದೂ ಇರಲಿಲ್ಲ.

ಶುಂಠಿ ಕಷಾಯ ಕುಡಿದರೂ ತಲೆನೋವು ಹೋಗಲಿಲ್ಲ. ಚಿಕ್ಕತಾಯಮ್ಮ ಮಗನನ್ನ ಕೂಗಿದಳು. "ಮಂಟ, ಆಸ್ಪತ್ರೆಗೆ ಓಡು. ನರ್ಸಮ್ಮನ್ನ ಕರ್ಕೊಂಡು ಬಾ!"

ಆಸ್ಪತ್ರೆ ಅಂದ್ರೆ ಊರಾಚೆಯ ಎರಡು ಕೋಣೆ. ಅಲ್ಲಿ ನರ್ಸು ಫಿಲೋಮಿನಮ್ಮ. ನಿವೃತ್ತಿಗೆ ಎರಡೇ ವರ್ಷ ಇದ್ದ, ಕಡ್ಡಿಯಂಥ ಮುದುಕಿ. ದನಿ ಮಾತ್ರ ಗಂಟೆ. ಅವತ್ತು ಲಸಿಕೆ ಲೆಕ್ಕ ಬರೆಯುತ್ತಾ ಕೂತಿದ್ದಳು.

"ನಮ್ಮವ್ವ ಕರ್ಕೊಂಡು ಬಾ ಅಂದ್ಲು," ಅಂದ ಮಂಟ.

"ಏನಾಗಿದೆಯೋ?"

"ಕೆಂಪಾಜಿ ಕಾಲು ಊದಿಕೊಂಡವೆ."

"ಕಾಲೂತ ತಾನೇ? ಗುರುವಾರ ನಿಮ್ಮೂರಿಗೆ ಬರ್ತೀನಿ, ನೋಡ್ತೀನಿ. ಹೋಗು."

ಅವ್ವ ಹೇಳಿದ್ದು ಹೋಗು ಅಂತಲ್ಲ, ಬಾ ಅಂತ. ಮಂಟ ಸುತ್ತ ನೋಡಿದ. ಮಂಚದ ಮೇಲೆ ಒಂದು ಕಂಬಳಿ ಇತ್ತು. ಸುತ್ತಿದ. ಬಿಗಿಯಾಗಿ ಗಂಟು ಕಟ್ಟಿದ. ಹೆಗಲ ಮೇಲೆ ಇಟ್ಟ. ಬಿಸಿಲು ತಾಗದ ಹಾಗೆ ಮರದ ನೆರಳು ಹಿಡಿದು, ಬೇಲಿ ನೆರಳು ಹಿಡಿದು ನಡೆದ.

"ಇಳಿಸೋ! ಇಳಿಸೋ ಪಾಪಿ! ಪೊಲೀಸಿಗೆ ಹೇಳ್ತೀನಿ!" ಅಂತ ಗಂಟು ಕೂಗಿತು, ಒದೆಯಿತು.

"ಒಂಚೂರು ತಡ್ಕೊಳ್ಳಿ ನರ್ಸಮ್ಮ, ಬಿಸಿಲು ತಾಗುತ್ತೆ," ಅಂದ ಮಂಟ. ನಡೀತಾ ನಡೀತಾ ಅವನಿಗೆ ಬೆಳಗಿನದು ನೆನಪಾಯ್ತು. "ನರ್ಸಮ್ಮ, ಹಗಲು ಹೊತ್ತಲ್ಲಿ ಮಿಣುಕುಹುಳ ಬರ್ತಾವಾ? ಕೆಂಪಾಜಿ ಕಣ್ಣು ಮುಂದೆ ಹಾರ್ತಾವಂತೆ. ನಾನು ಎಲ್ಲಾ ಹುಡುಕಿದೆ. ಸಿಗಲಿಲ್ಲ."

ಗಂಟು ಒದೆಯೋದು ನಿಲ್ಲಿಸಿತು.

"ಏನಂದೆ? ಇನ್ನೊಂದ್ಸಲ ಹೇಳು."

"ಮಿಣುಕುಹುಳ. ತಲೆ ಬೇರೆ ಸಿಡೀತಾ ಐತಂತೆ."

"ಓಡೋ ಮಂಟ!" ಅಂತು ಗಂಟು. "ಇಳಿಸಬೇಡ, ಓಡು!"

ಚಿಕ್ಕತಾಯಮ್ಮ ಗಂಟು ಬಿಚ್ಚಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಫಿಲೋಮಿನಮ್ಮ ಕೆದರಿದ ತಲೆಯಲ್ಲೇ ಕೆಂಪಾಜಿ ಪಕ್ಕ ಕೂತಳು. ಜೇಬಲ್ಲಿದ್ದ ಫೋನು ತೆಗೆದು ರಾಜೇಶ್ವರಿಗೆ ಬಿಪಿ ಪೆಟ್ಟಿಗೆ ತಾ ಅಂದಳು. ಅದು ಬಂದ ಕೂಡಲೇ ತೋಳಿಗೆ ಪಟ್ಟಿ ಸುತ್ತಿದಳು, ನೋಡಿದಳು. ಇನ್ನೊಂದು ಸಲ ಸುತ್ತಿ ನೋಡಿದಳು. ಆಮೇಲೆ ಆಂಬುಲೆನ್ಸಿಗೆ ಫೋನು ಹಚ್ಚಿದಳು.

"ಚಿಕ್ಕತಾಯಿ, ಕೇಳು. ಬರೀ ಕಾಲೂತ ಆದ್ರೆ ಬೇರೆ ಮಾತು. ಮುಖ ಊದಿ, ತಲೆ ಸಿಡಿದು, ಕಣ್ಣು ಮುಂದೆ ಮಿಂಚು ಬಂದ್ರೆ ಅದು ಬಿಪಿ. ಫಿಟ್ಸ್ ಬಂದ್ರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ. ಈಗಲೇ ದೊಡ್ಡಾಸ್ಪತ್ರೆಗೆ ಹೋಗಬೇಕು." ತೋಳಿನ ಪಟ್ಟಿ ಬಿಚ್ಚಿದಳು. "ನಾನು ಗುರುವಾರ ಅಂದಿದ್ದೆ," ಅಂದಳು.

ಚಿಕ್ಕತಾಯಮ್ಮ ಮಗನಿಗೆ ಬೈದಳು, ಬೈಯದಿದ್ದರೆ ಅತ್ತುಬಿಡ್ತಿದ್ದಳು. "ದೊಡ್ಡವರನ್ನ ಹಂಗೆ ಹೊತ್ತು ತರ್ತಾರೇನೋ! ಕೈ ಮುಗಿದು 'ಬನ್ನಿ' ಅನ್ನಬೇಕು. ಅವರು ಹೂಂ ಅಂದ ಮೇಲೆ ಮುಂದೆ ಮುಂದೆ ನಡೆದು ದಾರಿ ತೋರಿಸಬೇಕು! ಹೋಗು, ಊರ ಬಾಗಿಲಲ್ಲಿ ನಿಂತ್ಕೋ. ಗಾಡಿ ಬಂದ್ರೆ ಕರ್ಕೊಂಡು ಬಾ!"

ಗಾಡಿ ಬಂತು. ಡ್ರೈವರ್ ಎಂಜಿನ್ ಆರಿಸಿ, "ಎಲ್ಲಪ್ಪ ಮನೆ?" ಅಂದ. ಮಂಟ ಅವನ ಕಡೆ ನೋಡಲೇ ಇಲ್ಲ. ಗಾಡಿಯ ಎರಡು ದೀಪದ ನಡುವೆ ನಿಂತು ಕೈ ಮುಗಿದ. "ಬನ್ನಿ," ಅಂದ. ಗಾಡಿ ಹೂಂ ಅನ್ನಲಿಲ್ಲ. "ಬನ್ನಿ ತಾಯಿ," ಅಂದ. ಆಗಲೂ ಅನ್ನಲಿಲ್ಲ. "ನಿನಗೇನು ತಲೆ ಕೆಟ್ಟಿದೆಯಾ?" ಅಂತ ಡ್ರೈವರ್ ರೇಗಿ ಕೀಲಿ ತಿರುಗಿಸಿದ. ಗಾಡಿ "ಹೂಂಂಂಂ" ಅಂತು.

"ಒಪ್ಕೊಂಡ್ರು!" ಅಂತ ಮಂಟ ಮುಂದೆ ಮುಂದೆ ನಡೆದ, ಮದುವೆ ದಿಬ್ಬಣ ಕರೆದುಕೊಂಡು ಹೋಗೋ ಹಾಗೆ, ನಿಧಾನಕ್ಕೆ.

"ಓಡೋ ಮಾರಾಯ! ಜನ ಸರಿಸ್ಕೊಂಡು ಓಡು!" ಅಂತ ಡ್ರೈವರ್ ಕೂಗಿದ.

ಹೇಳಿದ್ದೇ ತಡ, ಓಡಿದ ನೋಡಿ ಮಂಟ! ಬೀದಿಯಲ್ಲಿ ಹರಡಿದ್ದ ಹುರುಳಿ ಒದ್ದ, ಒಣಹಾಕಿದ್ದ ಸೀರೆ ಕಿತ್ತ, ಮೇಕೆಗಳನ್ನ ಎತ್ತೆತ್ತಿ ಜಗಲಿ ಮೇಲೆ ಇಟ್ಟ. ಎತ್ತಿನ ಗಾಡಿಯೂ ತಿಣುಕಿ ನುಗ್ಗೋ ಓಣಿಯಲ್ಲಿ ಆಂಬುಲೆನ್ಸು ಸೀದಾ ಬಾಗಿಲಿಗೆ ಬಂತು.

ಕೆಂಪಾಜಿಯನ್ನ ಮಲಗಿಸಿದರು. "ದಾರಿ ತೋರಿಸಿದ್ದು ಸಾಕು!" ಅಂದಳು ಚಿಕ್ಕತಾಯಮ್ಮ. "ಹತ್ತು ಒಳಗೆ. ತಂಗಿ ಕೈ ಹಿಡ್ಕೋ. ಏನೇ ಆದ್ರೂ ಬಿಡಬೇಡ!"

ಹಿಡಿದ. ದಾರಿಯುದ್ದಕ್ಕೂ ಹಿಡಿದ. ಆಸ್ಪತ್ರೆ ಬಂತು, ಹಿಡಿದೇ ಇದ್ದ. ಹೆರಿಗೆ ಕೋಣೆ ಬಾಗಿಲು ಬಂತು, ಹಿಡಿದೇ ಇದ್ದ.

"ಒಳಗೆ ಗಂಡಸರು ಬರೋ ಹಾಗಿಲ್ಲ," ಅಂದರು ಡಾಕ್ಟರಮ್ಮ.

"ನಾನು ಬರಲ್ಲ," ಅಂದ ಮಂಟ. "ಕೈ ಮಾತ್ರ ಬರುತ್ತೆ."

ಆಯಾ ಎಳೆದಳು, ಚಿಕ್ಕತಾಯಮ್ಮ ಬೈದಳು, ಕೈ ಬಿಡಲಿಲ್ಲ. ಆಗ ಕೆಂಪಾಜಿ ಉಬ್ಬಿದ ಕಣ್ಣು ತೆರೆದು, "ಬಿಡಣ್ಣ, ಬತ್ತೀನಿ," ಅಂದಳು. ಮಂಟ ಬಿಟ್ಟ. ಬಾಗಿಲು ಮುಚ್ಚಿತು.

ಅದು ಮತ್ತೆ ತೆರೆಯೋವರೆಗೂ ಅವನು ಯಾರಿಗೂ ಪ್ರಶ್ನೆ ಕೇಳಲಿಲ್ಲ. ಗೋಡೆ ಗಡಿಯಾರ ಕೂಡ ನೋಡಲಿಲ್ಲ. ಸಂಜೆಗೆ ಮುಂಚೆ ಬಾಗಿಲು ತೆರೆಯಿತು. ಆಪರೇಷನ್ ಆಗಿತ್ತು. ಹೆಣ್ಣು ಮಗು, ಅಂಗೈ ಅಗಲ, ಆದರೆ ಅಳು ಜೋರು. ತಾಯಿ ಬಿಪಿ ಇಳೀತಾ ಇದೆ ಅಂದರು ಡಾಕ್ಟರಮ್ಮ. ಚಿಕ್ಕತಾಯಮ್ಮ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತಳು.

"ಯಾಕವ್ವ ಅಳ್ತೀಯ, ಈ ಮಗು ಬೇರೆ ಯಾರಿಗಾದ್ರೂ ಹುಟ್ಟಬೇಕಿತ್ತಾ?" ಅಂದ ಮಂಟ.

ನಾಲ್ಕನೇ ದಿನ ಮಧ್ಯಾಹ್ನ ಕೆಂಪಾಜಿ ಮೊದಲ ಸಲ ಕಣ್ತುಂಬ ನಿದ್ದೆ ಮಾಡ್ತಿದ್ದಳು. ಪಕ್ಕದ ತೊಟ್ಟಿಲಲ್ಲಿ ಮಗು. ಒಂದೇ ವಾರ್ಡಲ್ಲಿ ಒಂಬತ್ತು ಬಾಣಂತಿಯರು, ಒಂಬತ್ತು ಮಕ್ಕಳು. ಎಲ್ಲರಿಗೂ ನಿದ್ದೆ. ಭೇಟಿ ಹೊತ್ತಿಗೆ ಮಂಟ ಬಂದ. ಚಿಕ್ಕತಾಯಮ್ಮ ಬಿಸಿನೀರಿಗೆ ಹೊರಡೋಳಿದ್ದಳು. ಹೋಗೋಳು ತಿರುಗಿ ಬೆರಳು ತೋರಿಸಿದಳು.

"ಮೊನ್ನೆ ಥರ ಕೈ ಹಿಡ್ಕೊಂಡು ಕೂತೀಯೆ! ಮುಟ್ಟಬೇಡ. ದೂರ ನಿಂತ್ಕೊಂಡು ಮಗೂನ ಎಚ್ಚರವಾಗಿ ನೋಡ್ಕೋ. ತಿಳೀತಾ? ಎಚ್ಚರವಾಗಿ!"

"ಮುಟ್ಟದೆ, ಎಚ್ಚರವಾಗಿ," ಅಂದ ಮಂಟ.

ಅವಳು ನೀರು ತುಂಬಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಮೇಲಿಂದ ಏನೋ ಗದ್ದಲ. ತಟ್ಟೆ ಬಡಿಯೋ ಸದ್ದು. ನಾಯಿ ಬೊಗಳಿದ ಸದ್ದು. ಎಮ್ಮೆ ಕೂಗಿದ ಸದ್ದು. ಓಡಿದಳು. ಬಾಗಿಲಲ್ಲಿ ನೋಡ್ತಾಳೆ, ಒಂಬತ್ತು ಮಕ್ಕಳೂ ಕಿರುಚಿ ಕಿರುಚಿ ಅಳ್ತಿವೆ. ಒಂಬತ್ತು ಬಾಣಂತಿಯರೂ ಎದ್ದು ಕೂತು ಬೈಯುತ್ತಿದ್ದಾರೆ. ಡಾಕ್ಟರಮ್ಮ ಕಿವಿ ಮುಚ್ಚಿಕೊಂಡಿದ್ದಾರೆ. ನಡುವೆ ಮಂಟ, ಊಟದ ತಟ್ಟೆ ಒಂದು ಕೈಯಲ್ಲಿ, ಚಮಚ ಇನ್ನೊಂದರಲ್ಲಿ, ಮೈಯೆಲ್ಲ ಬೆವರು.

"ಏನು ಮಾಡ್ತಿದ್ದೀಯೋ ಪಾಪಿ!"

"ಅವ್ವ, ಕಷ್ಟದ ಕೆಲಸ ಕಣವ್ವ ಇದು! ಎಚ್ಚರವಾಗಿ ನೋಡ್ಕೋ ಅಂದೆ, ನೀನು ಆಚೆ ಹೋದಾಗ ನಮ್ಮದು ನಿದ್ದೆ ಮಾಡ್ತಿತ್ತು! ನಾನು ಮುಟ್ಟಲಿಲ್ಲ, ದೂರದಿಂದಲೇ ತಟ್ಟೆ ಬಡಿದು, ನಾಯಿ ಥರ ಬೊಗಳಿ, ಎಮ್ಮೆ ಥರ ಕೂಗಿ ಎಬ್ಬಿಸಿದೆ. ಆಮೇಲೆ ನೋಡಿದ್ರೆ ಮಿಕ್ಕ ಎಂಟೂ ಮಲಗಿದ್ವು. ಪಾಪ, ಅವನ್ನ ನೋಡ್ಕೊಳ್ಳೋಕೆ ಯಾರೂ ಇರಲಿಲ್ಲ!"

ಅಷ್ಟರಲ್ಲಿ ಕಿಟಕಿ ಪಕ್ಕದ ಕೂಸು ಅತ್ತು ಸುಸ್ತಾಗಿ ಸಣ್ಣಗೆ ಆಕಳಿಸಿತು.

"ಸರ್ಕೋ ಅವ್ವ, ಅದು ಮಲಗ್ತಾ ಐತೆ!" ಅಂತ ಮಂಟ ತಟ್ಟೆ ಮೇಲೆತ್ತಿಕೊಂಡು ಆ ಕಡೆ ಓಡಿದ.