ಹುಲಿಯ ಕೆನ್ನೆಗೊಂದು ದೃಷ್ಟಿಬೊಟ್ಟು

ಸಫಾರಿ ಜೀಪು ಓಡಿಸುವ ಪುಟ್ಟಮಾದು ಹೆದರಿ ನಿಂತಿದ್ದ. ಕಾಡಿನಲ್ಲಿ ಹುಲಿ ಎದುರಿಗೆ ನಿಂತಾಗಲೂ ಅವನು ಹೀಗೆ ಹೆದರಿರಲಿಲ್ಲ.

ಅವನು ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದ ಹುಲಿ ಫೋಟೋವನ್ನು ರೆಸಾರ್ಟ್ ಮಾಲೀಕರು ಗೋಡೆಯಷ್ಟಗಲ ಮಾಡಿಸಿ, ಕೆಳಗೆ ತಮ್ಮ ಹೆಸರು ಬರೆಸಿ ನೇತುಹಾಕಿದ್ದರು. ಅದು ನಂದು ಅಂತ ಇವನು ಅಡುಗೆಮನೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಈಗ ಅತಿಥಿಗಳ ಎದುರಿಗೇ ವಿಚಾರಣೆ.

"ಫೋಟೋ ಕದ್ದದ್ದು ನಾನೇ ಅಂತ ಬರೆದುಕೊಡು. ಇಲ್ಲದಿದ್ರೆ ಕೆಲಸಾನೂ ಹೋಗುತ್ತೆ, ಪೊಲೀಸರೂ ಬರ್ತಾರೆ," ಎಂದರು ಮಾಲೀಕರು.

ಪುಟ್ಟಮಾದು ಗೋಡೆಯ ಫೋಟೋ ಕಡೆ ಕೈ ತೋರಿಸಿದ. "ಬರೀತೀನಿ ಸಾರ್. ಒಂದೇ ಒಂದು ಮಾತು. ಹುಲಿ ಕೆನ್ನೆ ಮೇಲೆ ಆ ಕಪ್ಪು ಚುಕ್ಕೆ ಏನು ಸಾರ್?"

ಮಾಲೀಕರು ಅತಿಥಿಗಳ ಕಡೆ ತಿರುಗಿದರು. "ಹುಟ್ಟುಮಚ್ಚೆ! ಅದು ಮರಿ ಆಗಿದ್ದಾಗಿನಿಂದ ನೋಡ್ತಿದ್ದೀನಿ. ಆ ಮಚ್ಚೆಗೋಸ್ಕರಾನೇ ಮೂರು ದಿನ ಕಾದು ತೆಗೆದದ್ದು."

ಪುಟ್ಟಮಾದು ಮೊಬೈಲು ಮುಂದೆ ಹಿಡಿದ. ಅದೇ ಹುಲಿ, ಅದೇ ಬಿದಿರುಮೆಳೆ. ಕೆನ್ನೆಯಲ್ಲಿ ಮಾತ್ರ ಚುಕ್ಕೆಯೇ ಇಲ್ಲ.

"ಇದು ಅಸಲು ಫೋಟೋ ಸಾರ್. ಮಗೂನ ಹೊರಗೆ ಕರಕೊಂಡು ಹೋಗೋ ಮುಂಚೆ ಕೆನ್ನೆಗೆ ದೃಷ್ಟಿಬೊಟ್ಟು ಇಡಲ್ವಾ? ಹಾಗೇ ಫೇಸ್‌ಬುಕ್ಕಿಗೆ ಬಿಡೋ ಮುಂಚೆ ಇದಕ್ಕೂ ಮೊಬೈಲಲ್ಲೇ ನಾನೇ ಒಂದು ಇಟ್ಟೆ."

ಅತಿಥಿಯೊಬ್ಬರು ಕಿಸಕ್ಕನೆ ನಕ್ಕರು. ಮಾಲೀಕರ ಮುಖ ಕಪ್ಪಿಟ್ಟಿತು. "ಹುಲಿಗೆ ಯಾರ ದೃಷ್ಟಿ ತಾಗುತ್ತಯ್ಯಾ?" ಎಂದು ಗುಡುಗಿದರು.

ಪುಟ್ಟಮಾದು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಹುಲಿಗೆ ತಾಗಲ್ಲ ಸಾರ್," ಎಂದ. "ಫೋಟೋಗೆ ತಾಗುತ್ತೆ."