ಕೆಂಚ ಬಿಗಿದುಕೊಟ್ಟ ಗಂಟು

ಕೇಳಿ ಮಕ್ಕಳೇ, ಇದು ನಗಿಸುವ ಕತೆಯಲ್ಲ. ಆದರೂ ಕಿವಿಗೊಟ್ಟು ಕೇಳಿ. ನಿಮ್ಮಲ್ಲೂ ಮೇಷ್ಟ್ರ ಬದಲಿಗೆ ಚಿಕ್ಕವರಿಗೆ ಪಾಠ ಹೇಳಿಕೊಡುವ ಜಾಣರಿದ್ದೀರಿ, ನನಗೆ ಗೊತ್ತು.

ಕಾಡಿನ ಅಂಚಿಗೆ ಒಂದು ಕೆರೆ. ಕೆರೆಯ ಮೇಲೆ ಬಾಗಿಕೊಂಡ ಒಂದು ಜಾಲಿ ಮರ. ಮರದ ತುಂಬ ಗೀಜಗ ಹಕ್ಕಿಗಳು. ಹುಲ್ಲೆಳೆಯಲ್ಲಿ ಗೂಡು ನೇಯ್ದು ನೀರಿನ ಮೇಲೆ ತೂಗುಬಿಡುತ್ತವಲ್ಲ, ಅವೇ. ಹಾವಿಗೆ ಎಟುಕಬಾರದೆಂದು ಕೊಂಬೆಯ ತುತ್ತತುದಿಗೆ ಕಟ್ಟುತ್ತವೆ. ಅಷ್ಟು ದೊಡ್ಡ ಗೂಡು ನಿಲ್ಲುವುದು ಮೊದಲ ಗಂಟಿನ ಮೇಲೆ. ಕಡ್ಡಿಗೆ ಎಳೆ ಸುತ್ತಬೇಕು, ಅದರ ತುದಿಯನ್ನು ಸುತ್ತಿನ ಅಡಿಗೆ ತೂರಿಸಬೇಕು, ಆಮೇಲೆ ಎಳೆದು ಬಿಗಿಯಬೇಕು. ತೂರಿಸುವುದನ್ನು ಮರೆತರೆ ನೋಡುವುದಕ್ಕೇನೋ ಗಂಟಿನ ಹಾಗೇ ಇರುತ್ತದೆ, ಭಾರ ಬಿದ್ದಾಗ ಜಾರುತ್ತದೆ.

ಆ ಮರದಲ್ಲಿ ಕೊಕ್ಕಯ್ಯ ಮೇಷ್ಟ್ರ ಶಾಲೆಯಿತ್ತು. ಮರಿಗಳು ಕೊಂಬೆ ತುಂಬ, ಮೇಷ್ಟ್ರು ಒಬ್ಬರೇ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು, ಪಾಪ. ಒಂದು ದಿನ ಮೇಲಿನ ತರಗತಿಯ ಕೆಂಚನನ್ನು ಕರೆದರು.

"ಕೆಂಚಾ, ನಿನ್ನ ಗಂಟು ಅಚ್ಚುಕಟ್ಟಾಗಿದೆ. ಇವತ್ತಿನಿಂದ ಕೆಳಗಿನ ಕೊಂಬೆಯ ಮರಿಗಳು ನಿನ್ನ ಪಾಲಿಗೆ."

"ಹೇಗೆ ಹೇಳಿಕೊಡಲಿ, ಮೇಷ್ಟ್ರೇ?"

"ಹೇಗೆ ಅಂದ್ರೆ ಏನೋ? ನಿನಗೆ ಬರುತ್ತಲ್ಲ, ಅದನ್ನೇ ಹೇಳಿಕೊಡು!" ಅಂದವರೇ ಮೇಲಿನ ಕೊಂಬೆಗೆ ಹಾರಿಬಿಟ್ಟರು. ಕೆಂಚನಿಗೆ ಸಿಕ್ಕ ತರಬೇತಿ ಅಷ್ಟೇ.

ಕೆಂಚನಿಗೆ ಹೆಮ್ಮೆಯೋ ಹೆಮ್ಮೆ. ಮರಿಗಳು "ಅಣ್ಣಾ, ಅಣ್ಣಾ" ಅಂತ ಸುತ್ತಿಕೊಂಡಾಗ ಅವನು ರೆಕ್ಕೆ ಕೊಡವಿಕೊಂಡು ಇನ್ನಷ್ಟು ನೆಟ್ಟಗೆ ಕೂರುತ್ತಿದ್ದ. ಕೆಟ್ಟವನೇನಲ್ಲ. ಆದರೆ ತಾಳ್ಮೆ ಅನ್ನುವುದು ಮಾತ್ರ ಅವನ ಹತ್ತಿರ ಸುಳಿದಿರಲಿಲ್ಲ.

ಮರಿಗಳ ಪೈಕಿ ಚೀಕ ಅಂತೊಬ್ಬ. ಎಲ್ಲರೂ ಎಳೆ ಬಿಗಿದು ಆಟಕ್ಕೆ ಹೋದ ಮೇಲೂ ಅವನೊಬ್ಬನೇ ಕೂತು ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

"ಅಣ್ಣಾ, ತುದಿ ಎಲ್ಲಿ ಹೋಗಬೇಕು? ಇನ್ನೊಂದು ಸಲ ತೋರಿಸು. ಸ್ವಲ್ಪ ನಿಧಾನಕ್ಕೆ."

ಕೆಂಚ ತೋರಿಸಿದ. ಸರ್ರನೆ ಸುತ್ತಿ, ಸರ್ರನೆ ಎಳೆದ. "ನೋಡಿದೆಯಾ?"

"ಇಲ್ಲಣ್ಣಾ."

"ಅಯ್ಯೋ, ನಿನ್ನ! ಬಿಡು ಈ ಕಡೆ, ನಾನೇ ಹಾಕ್ತೀನಿ." ಚೀಕನ ಕೊಕ್ಕಿನಿಂದ ಎಳೆ ಕಿತ್ತುಕೊಂಡು ತಾನೇ ಬಿಗಿದ. "ಹೂಂ, ಆಯ್ತು. ಹೋಗು, ಆಡ್ಕೋ."

ದಿನಾ ಹೀಗೇ ನಡೆಯಿತು. ಸಂಜೆ ಮೇಷ್ಟ್ರು ಮೇಲಿನ ಕೊಂಬೆಯಿಂದಲೇ ಕೂಗಿ ಕೇಳುತ್ತಿದ್ದರು, "ಏನೋ ಕೆಂಚಾ, ಎಲ್ಲರಿಗೂ ಬಂತಾ?" ಕೆಂಚ "ಬಂತು ಮೇಷ್ಟ್ರೇ" ಅನ್ನುತ್ತಿದ್ದ. ಕೆಳಗಿಳಿದು ಬಂದು ನೋಡುವಷ್ಟು ಬಿಡುವು ಅವರಿಗಿರಲಿಲ್ಲ.

ಪರೀಕ್ಷೆಯ ದಿನ ಬಂತು. ಪ್ರತಿ ಮರಿಯೂ ಒಂದು ಗಂಟು ಹಾಕಿಡಬೇಕು, ಮೇಷ್ಟ್ರು ಕೊಕ್ಕಿನಿಂದ ಜಗ್ಗುತ್ತಾರೆ. ಬಿಚ್ಚದಿದ್ದರೆ ಪಾಸು. ಮರಿಗಳು ಗಂಟು ಹಾಕಿ ನೀರು ಕುಡಿಯಲು ಹೋದಾಗ ಕೆಂಚ ಮೆಲ್ಲಗೆ ಒಂದೊಂದನ್ನೇ ಮುಟ್ಟಿ ನೋಡಿದ. ಚೀಕನದು ಮುಟ್ಟಿದ ಕೂಡಲೇ ಸಡಿಲವಾಯಿತು. ಇವನೊಬ್ಬ ಫೇಲಾದರೆ ಮೇಷ್ಟ್ರು ಏನಂದುಕೊಂಡಾರು? ಅತ್ತಿತ್ತ ನೋಡಿ, ತುದಿ ತೂರಿಸಿ, ಬಿಗಿದುಬಿಟ್ಟ.

ಮೇಷ್ಟ್ರು ಬಂದು ಜಗ್ಗಿದರು. ಗಂಟು ಅಲ್ಲಾಡಲಿಲ್ಲ. "ಭಲೇ ಚೀಕಾ! ಭಲೇ ಕೆಂಚಾ! ಒಬ್ಬರೂ ಫೇಲಿಲ್ಲ!"

ಚೀಕ ಆನಂದದಿಂದ ಕುಪ್ಪಳಿಸಿದ. ಅವತ್ತಿನಿಂದ ಅವನು ಯಾರನ್ನೂ ಏನೂ ಕೇಳಲಿಲ್ಲ. ಯಾಕೆ ಕೇಳಬೇಕು ಹೇಳಿ? ತನಗೆ ಬರುತ್ತದೆಂದು ಮೇಷ್ಟ್ರೇ ಹೇಳಿಯಾಗಿತ್ತು.

ಮುಂದಿನ ಮಳೆಗಾಲಕ್ಕೆ ಚೀಕ ದೊಡ್ಡವನಾದ, ತಲೆಗೆ ಹಳದಿ ಬಣ್ಣ ಬಂತು. ಕೊಂಬೆಯ ತುದಿಯಲ್ಲಿ ಗೂಡು ನೇಯ್ದ. ಎಂಥಾ ಗೂಡು ಅಂತೀರಿ! ನೇಯ್ಗೆ ನೋಡಿ ನೆರೆಹೊರೆಯವರು ತಲೆದೂಗಿದರು. ಸೋನಿ ಎಂಬ ಹೆಣ್ಣು ಗೀಜಗ ಒಳಹೊಕ್ಕು ನೋಡಿ, ಒಪ್ಪಿ, ಸಂಸಾರ ಹೂಡಿತು. ಮೊಟ್ಟೆಗಳಾದವು.

ಕೆಂಚ ಒಮ್ಮೆ ಅಲ್ಲಿಗೆ ಹೋದ. ಗೂಡು ಚೆನ್ನಾಗಿದೆ ಅನ್ನಲು ಬಾಯಿ ತೆರೆದವನ ಕಣ್ಣು ಮೇಲಿನ ಕಡ್ಡಿಯ ಮೇಲೆ ಬಿತ್ತು. ಎಳೆಯ ತುದಿ ಹೊರಗೇ ಇತ್ತು. ಚೀಕ ಸುತ್ತಿದ್ದ, ಆದರೆ ತೂರಿಸಿರಲಿಲ್ಲ.

"ಹೇಗಿದೆ ಅಣ್ಣಾ? ನೀನು ಕಲಿಸಿದ್ದೇ!" ಚೀಕನ ಮುಖ ಅರಳಿತ್ತು.

ಹೇಳಿಬಿಡು ಕೆಂಚಾ, ಹೇಳು! ಅವತ್ತೇ ಹೇಳಿದ್ದರೆ ಇನ್ನೊಂದು ಎಳೆ ತಂದು ಬಿಗಿಯಬಹುದಿತ್ತು. ಆದರೆ ಹೇಳಿದರೆ ಪರೀಕ್ಷೆಯ ಗುಟ್ಟೂ ಹೊರಬೀಳುತ್ತಿತ್ತು. ಸೋನಿಯ ಮುಂದೆ, ನೆರೆಯವರ ಮುಂದೆ ಮಾನ ಹೋಗುತ್ತಿತ್ತು. ಅವನು ನಾಚಿಕೆಗೆ ಹೆದರಿದ. "ಚೆನ್ನಾಗಿದೆ" ಅಂದ. ನಾಳೆ ಹೇಳಿದರಾಯಿತು, ಗಾಳಿಯೇನೂ ಇಲ್ಲವಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾರಿಹೋದ.

ಮರುದಿನ ಮಧ್ಯಾಹ್ನ ಗಾಳಿ ಎದ್ದಿತು. ಕೆಂಚ ಎದುರುಗಾಳಿಗೆ ಸಿಕ್ಕಿ ಏದುಸಿರು ಬಿಡುತ್ತಾ ಬಂದ. "ಚೀಕಾ! ಗಂಟು! ಗಂಟು ನೋಡೋ!" ಎಂದು ಕಿರುಚಿದ. ಗಾಳಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನ ಕಣ್ಣೆದುರಿಗೇ ಎಳೆ ಜಾರಿತು. ಗೂಡು ಗೂಡಾಗಿಯೇ, ಒಂದು ಹುಲ್ಲೂ ಕೆದರದೆ, ಕೆರೆಗೆ ಬಿತ್ತು. ಸೋನಿ ಹೇಗೋ ಹೊರಬಂತು. ಮೊಟ್ಟೆಗಳು ಗೂಡಿನೊಳಗೇ ಮುಳುಗಿದವು.

ಗಾಳಿ ನಿಂತ ಮೇಲೆ ಚೀಕ ಅದೇ ಕಡ್ಡಿಯ ಮೇಲೆ ಕೂತಿದ್ದ.

"ಅಣ್ಣಾ, ಗಾಳಿ ಬಹಳ ಜೋರಿತ್ತು ಅಲ್ವಾ? ನನ್ನ ಗಂಟೇನೋ ಸರಿಯಿತ್ತು. ಮೇಷ್ಟ್ರೇ ಜಗ್ಗಿ ನೋಡಿದ್ದರಲ್ಲ?"

ಕೆಂಚನಿಗೆ ಅಳು ಒತ್ತರಿಸಿ ಬಂತು. "ಅವತ್ತು ಮೇಷ್ಟ್ರು ಜಗ್ಗಿದ್ದು ನನ್ನ ಗಂಟು ಕಣೋ. ನಿನ್ನದು ಸಡಿಲವಿತ್ತು. ನಾನೇ ಬಿಗಿದಿಟ್ಟೆ."

ಚೀಕ ಬರಿದಾದ ಕಡ್ಡಿಯನ್ನು ಕೊಕ್ಕಿನಿಂದ ಮುಟ್ಟಿ ನೋಡಿದ.

"ನಿನ್ನೆ ಬಂದಾಗ ನೋಡಿದೆಯಾ?"

"ನೋಡಿದೆ."

ಸೋನಿ ಕೆರೆಯ ಮೇಲೆ ಸುತ್ತು ಹಾಕುತ್ತಾ ಕೂಗುತ್ತಲೇ ಇತ್ತು. ಚೀಕ ಅತ್ತ ನೋಡಿದ, ಇತ್ತ ನೋಡಿದ.

"ಫೇಲ್ ಮಾಡಿಸಿದ್ದರೆ ಕಲೀತಿದ್ದೆನಲ್ಲ, ಅಣ್ಣಾ" ಅಂದ. ಬೈಯಲಿಲ್ಲ. ಅದನ್ನೇ ಕೆಂಚನಿಗೆ ತಡೆದುಕೊಳ್ಳಲಾಗಲಿಲ್ಲ.

ವಿಷಯ ಕೇಳಿ ಕೊಕ್ಕಯ್ಯ ಮೇಷ್ಟ್ರು ಕೊನೆಗೂ ಕೆಳಗಿನ ಕೊಂಬೆಗೆ ಇಳಿದು ಬಂದರು. ಕೆಂಚ ತಲೆ ತಗ್ಗಿಸಿ ನಿಂತ. ಮೇಷ್ಟ್ರೂ ತಲೆ ಎತ್ತಲಿಲ್ಲ.

"ಹೇಗೆ ಹೇಳಿಕೊಡಲಿ ಅಂತ ನೀನು ಕೇಳಿದ್ದೆ. ನಾನು ನಿಲ್ಲಲಿಲ್ಲ" ಅಂದರು.

ಆಮೇಲೆ ಆ ಶಾಲೆಯಲ್ಲಿ ಪಾಠ ಹೇಳುವ ದೊಡ್ಡ ಮಕ್ಕಳನ್ನು ಮೇಷ್ಟ್ರು ಮೊದಲು ಪಕ್ಕದಲ್ಲಿ ಕೂರಿಸಿಕೊಂಡು, ಕಾಯುವುದು ಹೇಗೆ, ಬಿಡಿಸಿ ತೋರಿಸುವುದು ಹೇಗೆ ಅಂತ ಕಲಿಸತೊಡಗಿದರು. ಒಳ್ಳೆಯದೇ ಆಯಿತು. ಆದರೆ ಚೀಕ ಆ ವರ್ಷ ಮತ್ತೆ ಗೂಡು ಕಟ್ಟಲಿಲ್ಲ. ಕೆಂಚ ಕಲಿಸುತ್ತೇನೆಂದು ಹೋದಾಗಲೆಲ್ಲ ಅವನು ಬೇರೆ ಕೊಂಬೆಗೆ ಹಾರಿಹೋಗುತ್ತಿದ್ದ.

ನೀತಿ: ಕಲಿಯುವವರ ಕೆಲಸವನ್ನು ತಾನೇ ಮಾಡಿಕೊಡುವವನು ಅವರಿಗೆ ಸಹಾಯ ಮಾಡುವುದಿಲ್ಲ, ಮೋಸ ಮಾಡುತ್ತಾನೆ. ಕಲಿಸಲು ಯಾರನ್ನಾದರೂ ನಿಲ್ಲಿಸುವ ಮೊದಲು ಅವರಿಗೆ ಕಲಿಸುವುದನ್ನು ಕಲಿಸಬೇಕು.